ಸುರಂಗಬಾವಿಯ ನೀರು, ಏಳನೆಯ ದಿನ

ನೌಬಾದಿನ ಸುರಂಗಬಾವಿಗೆ
ಹಗ್ಗಕ್ಕೆ ಸೀಸೆ ಕಟ್ಟಿ ಇಳಿಬಿಟ್ಟು
ತಂದ ನೀರು ಇದು.
ಕೆಂಗಲ್ಲು ಕೊರೆದ ಕತ್ತಲಲ್ಲಿ
ಯಾರ ಕಾಲದಿಂದಲೋ ತಣ್ಣಗೆ ನಡೆವ ನೀರು.
ಅದರಲ್ಲಿ ಇವೂ ಇದ್ದವು:
ಜೋಳದ ಹಿಟ್ಟಿನ ಕಣಕ್ಕಿಂತಲೂ ಸಣ್ಣ ಕಡ್ಡಿಗಳು,
ಹಿಂದೊಂದು ಬಾಲ.

ಮೊದಲು ಸಾರು ಕುಡಿಸಿದೆ. ಕೊಬ್ಬಿದವು.
ಆಮೇಲೆ ತೊಳೆದು, ಬರೀ ಉಪ್ಪುನೀರಿಗೆ ಹಾಕಿ
ಸೀಸೆಯ ಮೇಲೆ ತಾರೀಖು ಬರೆದೆ.
ಅಂದಿನಿಂದ ಅವಕ್ಕೆ ಊಟವಿಲ್ಲ.

ಮೊದಲ ದಿನ ಏನು ಓಟ!
ನೇರ ಹೋಗಿ, ತಟಕ್ಕನೆ ಪಲ್ಟಿ ಹೊಡೆದು,
ದಿಕ್ಕು ಬದಲಿಸಿ ಮತ್ತೆ ಓಟ,
ಮದುವೆಮನೆಯ ಬಾಗಿಲಲ್ಲಿ
ಕಳೆದ ಚಪ್ಪಲಿ ಹುಡುಕುವವರಂತೆ.
ಮೂರನೆಯ ದಿನ ನಿಧಾನ.
ಐದನೆಯ ದಿನ ನಾನು ನೋಡಲಿಲ್ಲ, ಪರೀಕ್ಷೆ ಡ್ಯೂಟಿ.

ಬಾಲದ ಬುಡದಲ್ಲೊಂದು ಚಕ್ರ.
ಪೊರೆಯ ಹೊರಗೆ ಪ್ರೋಟಾನುಗಳ ಗುಂಪು,
ಹುಮನಾಬಾದಿನ ಕೊನೇ ಬಸ್ಸಿನ ಬಾಗಿಲಿಗೆ
ಜನ ಒತ್ತಿ ನಿಂತಂತೆ.
ಒಬ್ಬೊಬ್ಬ ಒಳನುಗ್ಗಿದಾಗ
ಚಕ್ರ ಒಂದು ಹಲ್ಲು ಹೊರಳುತ್ತದೆ.
ಒಳಬಂದವರನ್ನು ಮತ್ತೆ ಹೊರಗಟ್ಟಲು ಅನ್ನ ಬೇಕು.
ಅನ್ನ ಮುಗಿದರೆ
ಒಳಗೂ ಅಷ್ಟೇ ಜನ, ಹೊರಗೂ ಅಷ್ಟೇ ಜನ,
ನೂಕುವವರಿಲ್ಲ. ಬಸ್ಸು ನಿಂತಿದೆ.

ಇಂದು ಏಳು. ನಾಲ್ಕಕ್ಕೆ ಕರೆಂಟು ಹೋಯಿತು.
ಕೆಳಗೆ ಕನ್ನಡಿಯಿರುವ ಹಳೆಯ ಸೂಕ್ಷ್ಮದರ್ಶಕವನ್ನು
ಪಡುವಣ ಕಿಟಕಿಗೆ ಹೊತ್ತು ತಂದೆ.
ಅಟೆಂಡರ್ ಮಸ್ತಾನಸಾಬ ಬಾಗಿಲ ಸ್ಟೂಲಿನಲ್ಲಿ,
ಇಪ್ಪತ್ತೊಂದನೆಯ ರೋಜಾ.
ನಾಲ್ಕರ ಮೇಲೆ ಅವರು ಮಾತಾಡುವುದಿಲ್ಲ.
"ಚಾರ್ಜ್ ಉಳಸಬೇಕ್ರಿ ಮೇಡಂ" ಎಂದು
ಮೊದಲ ವಾರವೇ ಹೇಳಿಬಿಟ್ಟಿದ್ದಾರೆ,
ಎದೆಯ ಮೇಲೆ ಬೆರಳಿಟ್ಟು.

ಆದರೂ ಇಂದು ಎದ್ದು ಬಂದು
ಒಂದು ಕಣ್ಣು ಮುಚ್ಚಿ ಬಗ್ಗಿದರು.
"ಯಾಕ ನಿಂತಾವ್ರೀ ಇವು?"
"ಹಸಿವು."
"ಹಸಿವಾದ್ರ ಓಡಬೇಕಲ್ರೀ?"
"ಓಡಿದ್ವು. ಮೊದಲ ದಿನ."
"ಈಗ ನಡುಗಲಕತ್ತಾವ ನೋಡ್ರಿ."
"ಅದು ನೀರು ನಡುಗಿಸೋದು. ಸತ್ತಿದ್ರೂ ನಡುಗ್ತಿದ್ವು."
ಅವರು ಬಹಳ ಹೊತ್ತು ಬಗ್ಗಿಯೇ ಇದ್ದರು.

ನಿನ್ನೆ ಬಣ್ಣ ಹಾಕಿ ನೋಡಿದ್ದೆ.
ಅರ್ಧಕ್ಕರ್ಧ ಬಾಲಗಳು ಮೈಬಿಟ್ಟು
ಗಾಜಿನ ಮೇಲೆ ಬೇರೆಯೇ ಬಿದ್ದಿದ್ದವು,
ಕ್ಷೌರದಂಗಡಿಯ ನೆಲದಂತೆ.
ಯಾರೂ ಕತ್ತರಿಸಿದ್ದಲ್ಲ.
ಬಾಲ ಕಟ್ಟಲು ಖರ್ಚು, ತಿರುಗಿಸಲು ಖರ್ಚು;
ಲೆಕ್ಕ ಹಾಕಿ ತಾವೇ ಕಳಚಿ,
ತೂತಿಗೆ ಬಿರಡೆ ಜಡಿದು ಕೂತಿವೆ.

ಅತಿಥಿ ಉಪನ್ಯಾಸಕರಿಗೆ
ಐದು ತಿಂಗಳು ಸಂಬಳ ಬಾರದ ವರ್ಷ
ಸ್ಕೂಟಿ ಮಾರಿ ಚಿದ್ರಿಯಿಂದ ನಡೆದು ಬಂದೆ.
ಯಾರು ಕೇಳಿದರೂ
"ನಡಿಗಿ ಚಲೋರಿ ಮೈಗೆ" ಎಂದೆ.
ಬಿರಡೆ ಎಂದರೆ ಅದು.

ಗ್ಲೂಕೋಸು ಒಂದು ಹನಿ, ಗಾಜಿನ ಅಂಚಿಗೆ.
ಮೊದಲ ನಿಮಿಷ ಏನಿಲ್ಲ.
ಆಮೇಲೆ ಮೂಲೆಯಲ್ಲೊಂದು ಸೆಟೆದು
ಸರ್ರನೆ ಹೋಯಿತು. ಇನ್ನೊಂದು.
ಆಮೇಲೆ ಐದಾರು ಒಟ್ಟಿಗೇ.
"ಯಾ ಅಲ್ಲಾ" ಅಂದರು ಮಸ್ತಾನಸಾಬ, ಮೆಲ್ಲಗೆ,
ಚಾರ್ಜಿನ ಮಾತು ಮರೆತು.

ಅವು ಬಾಲ ಉಳಿಸಿಕೊಂಡವು.
ಮಿಕ್ಕವು ಅಲ್ಲೇ ಇವೆ,
ಸಿಹಿ ಮೈಗೆ ತಾಗುತ್ತಿದ್ದರೂ.
ಅವಕ್ಕಿನ್ನು ಮೊದಲಿನಿಂದ ಕಟ್ಟಬೇಕು,
ಕೊಕ್ಕೆ, ಕೊಳವೆ, ಎಳೆಯ ಮೇಲೆ ಎಳೆ.
ಎಷ್ಟು ತಾಸೋ.

ಬೆಳಕು ಕನ್ನಡಿಯಿಂದ ಜಾರಿತು.
ಕೋಟೆಯ ಕಡೆಯಿಂದ ಸೈರನ್ನು.
ಲ್ಯಾಬಿನಲ್ಲಿ ತಿನ್ನಬಾರದೆಂದು
ಸ್ಟೂಲನ್ನು ಹೊಸ್ತಿಲಾಚೆ ಎಳೆದು
ಅವರು ರುಮಾಲು ಬಿಚ್ಚಿದರು.
ಮೂರು ಖಜೂರ. ಒಂದನ್ನು ನನಗೆಂದು
ಬಾಗಿಲ ಚೌಕಟ್ಟಿನ ಅಂಚಿಗಿಟ್ಟು,
ಒಂದು ಬಾಯಿಗೆ ಹಾಕಿಕೊಂಡು,
ನೀರು ಕುಡಿದು,
ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

ನಮಾಜಿಗೆ ಹೋಗಬೇಕು ಅವರು.
ಅದಕ್ಕೂ ಮೊದಲು ಬೀಗ ಹಾಕಬೇಕು.
ನಾನು ಗಡಿಯಾರ ನೋಡಿ
ಪುಸ್ತಕದಲ್ಲಿ ಬರೆದೆ:
ಆರು ನಲವತ್ತೊಂದು.
ಇನ್ನೂ ಕದಲಿಲ್ಲ.